ಹಿತ್ತಾಳೆ ಗುಂಡಿನ ಗೇರು

ಶೆಡ್ಡಿನಲ್ಲಿ ಆ ಬೆಳಿಗ್ಗೆ ಇದ್ದದ್ದು ನಾವು ಮೂವರು. ನಾನು, ನನ್ನ ಸೋದರಮಾವ, ಮತ್ತೆ ಕೊಪ್ಪಳದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದು ಆಮೇಲೆ ಮಹದೇವಪುರದಲ್ಲೇ ತಗಡಿನ ಶೆಡ್ಡು ಹಾಕಿಕೊಂಡ ಮೆಕ್ಯಾನಿಕ್. ನಮ್ಮ ಪಿಕಪ್ಪನ್ನೂ ಸೇರಿಸಿಕೊಂಡರೆ ನಾಲ್ವರು. ಚಕ್ರಗಳಿಗೆ ಕಲ್ಲು ಕೊಟ್ಟು ಅದನ್ನು ನೆಲದಲ್ಲಿ ತೋಡಿದ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿತ್ತು. ಮಾವ ಒಂದರ ಮೇಲೊಂದು ಪೇರಿಸಿದ್ದ ಟೈರುಗಳ ಮೇಲೆ ಕೂತು, ಎಡಗಾಲನ್ನು ನೀಳವಾಗಿ ಚಾಚಿಕೊಂಡು, ಆಸ್ಪತ್ರೆಯ ವರಾಂಡದಲ್ಲಿ ಕೂತವನ ಹಾಗೆ ಗಾಡಿಯನ್ನೇ ನೋಡುತ್ತಿದ್ದ.

"ಎಷ್ಟೊತ್ತಾಯ್ತದಪ್ಪ?" ಅಂದ ಮಾವ.

"ಗೇರ್ ಬಾಕ್ಸ್ ಇಳಿಸಬೇಕ್ರಿ ಯಜಮಾನ್ರ. ಸಂಜಿ ಆಗ್ತೈತಿ."

"ಸಂಜೆಗಂಟ ನಾನು ಇಲ್ಲೇ ಕೂತಿರ್ಬೇಕಾ?"

"ಮನಿಗ್ಹೋಗಿ ಮಲಕ್ಕೊಂಡು ಬರ್ರಿ. ಗಾಡಿ ಎಲ್ಲೂ ಓಡಿಹೋಗಂಗಿಲ್ಲ. ಓಡೋ ಹಂಗಿದ್ರ ನೀವ್ಯಾಕ ಇಲ್ಲಿಗೆ ತರ್ತಿದ್ರಿ?"

ಮಾವನಿಗೆ ನಗು ಬಂತು, ಆದರೆ ನಗಲಿಲ್ಲ. ಜಾಗವನ್ನೂ ಬಿಟ್ಟೇಳಲಿಲ್ಲ.

ನಮ್ಮದು ದೊಡ್ಡನೆಕ್ಕುಂದಿಯಲ್ಲಿ ಪಾತ್ರೆ ಬಾಡಿಗೆ ಅಂಗಡಿ. ಮದುವೆಯಿರಲಿ, ನಾಮಕರಣವಿರಲಿ, ತಿಥಿಯಿರಲಿ, ಕೊಪ್ಪರಿಗೆ, ಡಬರಿ, ಜಾಲರಿ ಸೌಟು, ಅನ್ನ ಹರವುವ ಚಾಪೆ ಎಲ್ಲ ನಮ್ಮಲ್ಲಿಂದಲೇ ಹೋಗಬೇಕು. ಅಂಗಡಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಗಾಡಿ ಮಾತ್ರ ಮೊದಲಿನಿಂದಲೂ ಮಾವನದ್ದು. ಅವನಿಗೆ ಆಗದ ದಿನ ನಾನು ಓಡಿಸುತ್ತಿದ್ದೆ. ಅಂಥ ದಿನ ವರ್ಷಕ್ಕೆ ನಾಲ್ಕು ಸಿಕ್ಕರೆ ಹೆಚ್ಚು.

ಆ ಸಲದ ಮಳೆಗಾಲ ಕಳೆದ ಮೇಲೆ ಗಾಡಿ ಹಟ ಹಿಡಿಯಿತು. ತುಂಬಿದ ಲೋಡಿನಲ್ಲಿ ರೈಲ್ವೆ ಕೆಳಸೇತುವೆಯ ಏರು ಹತ್ತುವಾಗ ಇಂಜಿನ್ ಬೊಬ್ಬೆ ಹೊಡೆಯುವುದು, ಚಕ್ರ ಮಾತ್ರ ನಿಂತಲ್ಲೇ ನಿಲ್ಲುವುದು. ಹಿಂದೆ ಕಂಪನಿ ಕ್ಯಾಬುಗಳ ಹಾರನ್ನು, ಒಳಗೆ ಸುಟ್ಟ ವಾಸನೆ. ಗೇರ್ ಲಿವರ್ ಅಂತೂ ಗಂಜಿಯೊಳಗೆ ಇಟ್ಟ ಸೌಟಿನ ಹಾಗೆ ಎಲ್ಲಿಗೆಂದರಲ್ಲಿಗೆ ತಿರುಗುತ್ತಿತ್ತು. ಮೂರನೇ ಗೇರು ಹಾಕಿದರೆ ತಾನಾಗಿ ಕಳಚಿ ಬೀಳುತ್ತಿತ್ತು. ಮಾವ ಅದಕ್ಕೊಂದು ಉಪಾಯ ಮಾಡಿದ್ದ. ಹಳೆ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕಟ್ಟಿ, ಇನ್ನೊಂದನ್ನು ಲಿವರಿಗೆ ಸಿಕ್ಕಿಸುತ್ತಿದ್ದ. ಮೂರನೇ ಗೇರು ಬೇಕಾದಾಗ ಸಿಕ್ಕಿಸುವುದು, ಬೇಡವಾದಾಗ ಬಿಡಿಸುವುದು.

ಇದನ್ನು ನೋಡಿಯೇ ಅಮ್ಮ, ಅಂದರೆ ಅವನ ಅಕ್ಕ, ಒಂದು ದಿನ ಊಟ ಬಡಿಸುತ್ತಾ, "ಇನ್ನು ಸಾಕು ಕಣೋ ಓಡ್ಸಿದ್ದು, ವಯಸ್ಸಾಯ್ತು" ಅಂದುಬಿಟ್ಟಳು. ಮಾವ ತಟ್ಟೆಯಲ್ಲಿದ್ದ ಮುದ್ದೆ ಮುಗಿಸಿ ಕೈ ತೊಳೆದುಕೊಂಡ. "ವಯಸ್ಸಾಗಿರೋದು ಗಾಡಿಗೆ, ನಂಗಲ್ಲ" ಅಂದವನು ಮೂರು ದಿನ ಅಕ್ಕನ ಮನೆ ಹೊಸಿಲು ತುಳಿಯಲಿಲ್ಲ. ನಾಲ್ಕನೇ ದಿನ ನಾನೇ ಹೋಗಿ, ಗಾಡಿಗೇ ವಯಸ್ಸಾಗಿದೆ, ಕ್ಲಚ್ಚು ಲಿವರು ಎರಡೂ ಹೊಸದು ಹಾಕಿಸೋಣ ನಡಿ ಅಂತ ಕರೆದುಕೊಂಡು ಬಂದೆ. ಹೀಗಾಗಿ ಆ ದಿನ ಶೆಡ್ಡಿನಲ್ಲಿ ಬಿಚ್ಚಿಡಬೇಕಾಗಿದ್ದು ಬರೀ ಗೇರ್ ಬಾಕ್ಸ್ ಆಗಿರಲಿಲ್ಲ. ಮಾವ ಸ್ಟೇರಿಂಗಿನ ಹಿಂದೆ ಕೂರುವವನೋ ಇಲ್ಲವೋ ಅನ್ನುವುದೂ ಅಲ್ಲೇ ತೀರ್ಮಾನವಾಗಬೇಕಿತ್ತು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೆಕ್ಯಾನಿಕ್ ಮೊದಲು ಲಿವರಿನ ತಲೆಯ ಮೇಲಿನ ಹಿತ್ತಾಳೆ ಗುಂಡನ್ನು ತಿರುಗಿಸಿ ತೆಗೆದು ಮಾವನ ಕೈಗೆ ಕೊಟ್ಟ. "ಇದು ಕಂಪನೀದಲ್ಲ ಬಿಡ್ರಿ. ಹೊಸಾ ಲಿವರಿಗೆ ಇದನ್ನ ಹಾಕ್ಲೇನು?"

"ಇರ್ಲಿ, ಮೊದ್ಲು ಗಾಡಿ ಸರಿಯಾಗ್ಲಿ" ಅಂತ ಮಾವ ಅದನ್ನು ಷರಟಿನ ಜೇಬಿಗೆ ಹಾಕಿಕೊಂಡ. ಭಾರಕ್ಕೆ ಜೇಬು ಜೋತುಬಿತ್ತು.

ಆ ಹಿತ್ತಾಳೆ ಗುಂಡಿಗೆ ಒಂದು ಕತೆಯಿದೆ. ನಾನಿನ್ನೂ ಹುಡುಗಿಯಾಗಿದ್ದಾಗ ನಮ್ಮ ಇಂಡಸ್ಟ್ರಿಯಲ್ ಏರಿಯಾದ ಒಂದೊಂದು ಶೆಡ್ಡಿನಲ್ಲೂ ಲೋಹ ಕಡೆಯುವ ಲೇತು ತಿರುಗುತ್ತಿತ್ತು. ಆಯುಧಪೂಜೆ ಬಂದರೆ ನಮ್ಮ ಪಾತ್ರೆಗಳಿಗೆ ಮೂರು ದಿನ ಬಿಡುವಿಲ್ಲ. ಯಾವ ಶೆಡ್ಡಿನಲ್ಲಿ ಪುಳಿಯೋಗರೆ, ಯಾವ ಶೆಡ್ಡಿನಲ್ಲಿ ಪೊಂಗಲ್ಲು ಅಂತ ಗಾಡಿಯಲ್ಲಿ ಕೂತೇ ವಾಸನೆ ಹಿಡಿದು ಹೇಳುತ್ತಿದ್ದೆ ನಾನು. ಒಂದು ವರ್ಷ ಲೇತಿನ ಕೆಲಸದವರೊಬ್ಬರ ಮಗಳ ನಾಮಕರಣ. ಅವರ ಮನೆಯಿದ್ದ ಬಡಾವಣೆಗೆ ಇನ್ನೂ ರಸ್ತೆಯೇ ಆಗಿರಲಿಲ್ಲ; ಹಿಂದಿನ ದಿನವೆಲ್ಲ ಮಳೆ. ಆಟೋದವರು ತಿರುವಿನಲ್ಲೇ ವಾಪಸ್ಸಾಗುತ್ತಿದ್ದರು. ಮಾವ ಮೊದಲನೇ ಗೇರಿನಲ್ಲೇ, ಕೆಸರನ್ನು ಮಾತಾಡಿಸಿಕೊಂಡು ಹೋಗುವವನ ಹಾಗೆ, ಒಂದು ಮುಚ್ಚಳವೂ ಸದ್ದು ಮಾಡದಂತೆ ಮನೆ ಬಾಗಿಲಿಗೆ ಗಾಡಿ ತಂದು ನಿಲ್ಲಿಸಿದ. ತಿಂಗಳು ಕಳೆದ ಮೇಲೆ ಆ ಮನುಷ್ಯ ತಾವೇ ಕಡೆದ ಹಿತ್ತಾಳೆ ಗುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಪ್ಲಾಸ್ಟಿಕ್ಕಿನದು ತೆಗೆದು ಇದನ್ನು ಕೂರಿಸಿದ ಮೇಲೆ ಮಾವನ ಅಂಗೈಯೇ ಅದಕ್ಕೆ ಪಾಲಿಶ್ ಆಯಿತು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು, ಮೂಗು ಬದನೆಕಾಯಿಯಷ್ಟು ದಪ್ಪ.

ನಾನು ಗಾಡಿ ಕಲಿತದ್ದೂ ಅದೇ ಗುಂಡಿನ ಮೇಲೆ. ನನ್ನ ಎಡಗೈ ಕೆಳಗೆ, ಅದರ ಮೇಲೆ ಮಾವನ ಬಲಗೈ. ನಾನು ಕರಕರ ಅನ್ನಿಸಿದಾಗಲೆಲ್ಲ, "ತುರುಕ್ಬ್ಯಾಡ ಅಮ್ಮಣ್ಣಿ. ಮನೆಗೆ ಬಂದೋರ್ನ ಮಣೆ ಆಕಿ ಕೂರ್ಸಲ್ವಾ, ಅಂಗೆ ಕೂರ್ಸು" ಅನ್ನುತ್ತಿದ್ದ. ಕ್ಲಚ್ಚಿನ ಪಾಠ ಬೇರೆ. "ಒತ್ತಿದ್ರೆ ನೆಲ ಮುಟ್ಬೇಕು, ಬಿಟ್ರೆ ಪೂರ್ತಿ ಬಿಡ್ಬೇಕು. ಪೆಡ್ಲಿಗೆ ಮೇಲುಗಡೆ ಒಂದು ಬೆಳ್ಳಿನಗಲ ಸಡ್ಲ ಇರ್ಬೇಕು. ಇಲ್ದಿದ್ರೆ ಅದು ಉಸ್ರಾಡೋದೆಲ್ಲಿ?" ಆಗ ಗಾಡಿ ಕಲಿಯುವ ಹುಡುಗಿಯನ್ನು ನೋಡಲು ಬೇಲಿಯ ಪಕ್ಕ ಜನ ನಿಲ್ಲುತ್ತಿದ್ದರು. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ ನೋಡ್ತೀರಾ, ನಿಮ್ಮನೆ ಮದ್ವೆಗೂ ಇವ್ಳೇ ಪಾತ್ರೆ ತರೋದು" ಅನ್ನುತ್ತಿದ್ದ. ಮುಂದೆ ಕೆಲವು ಮನೆಗಳಿಗೆ ಹಾಗೆಯೇ ಆಯಿತು.

ಗೇರ್ ಬಾಕ್ಸ್ ಇಳಿಯುವ ಹೊತ್ತಿಗೆ ಬಿಸಿಲು ತಗಡಿಗೆ ಹತ್ತಿತ್ತು. ಮೆಕ್ಯಾನಿಕ್ ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದುಕೊಂಡು ಗುಂಡಿಯಿಂದ ಮೇಲೆ ಬಂದ. ಸುಟ್ಟ ರೊಟ್ಟಿಯ ಹಾಗಿತ್ತು ಅದು. ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿ ಕೇಳಿದ:

"ಈ ಗಾಡಿ ಹೊಡಿಯವ್ರು ಯಾರ್ರಿ?"

ತಪ್ಪು ಹುಡುಕುವ ದನಿಯಲ್ಲ. ಕೈ ನೋಡಿ ಭವಿಷ್ಯ ಹೇಳುವವರು ಊರು ಯಾವುದು ಅಂತ ಕೇಳುತ್ತಾರಲ್ಲ, ಆ ಥರ.

"ಯಾಕಪ್ಪ? ಹಳೇ ಗಾಡಿ, ಸವ್ದೈತೆ" ಅಂದ ಮಾವ.

"ಹಳೇದಾಗಿ ಸವಿಯೋದು ಬ್ಯಾರೆ ಯಜಮಾನ್ರ, ಇದು ಬ್ಯಾರೆ. ನೋಡ್ರಿ ಇಲ್ಲಿ, ರಿವೆಟ್ ತನಕ ತಿಂದೈತಿ. ಹೊಡಿಯವ್ರು ಪೆಡಲ್ ಮ್ಯಾಲಿಂದ ಕಾಲ ತಗಿಯಂಗಿಲ್ಲ. ಒತ್ತಿದ್ರೂ ಪೂರ್ತಿ ಒತ್ತಂಗಿಲ್ಲ. ಅರ್ಧ ಕಾಲಿಂದು, ಉಳಿದರ್ಧ ಕೈಲೇ ಜಬರ್ದಸ್ತಿ ಮಾಡ್ಯಾರ. ಅದಕ್ಕ ಲಿವರಿನ ಬುಶ್ ಹಿಟ್ಟಾಗೈತಿ."

ನನ್ನ ಕಣ್ಣು ತಾನಾಗಿ ಮಾವನ ಕಾಲಿನ ಮೇಲೆ ಹೋಯಿತು. ಚಾಚಿದ್ದ ಎಡಗಾಲು ಬೆಳಗಿನಿಂದ ಮಡಚಿರಲಿಲ್ಲ. ಆಗ ಒಂದೊಂದಾಗಿ ನೆನಪಾದವು. ಗಾಡಿಯಿಂದ ಇಳಿಯುವಾಗ ಬಾಗಿಲು ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದದ್ದು. ಪಾತ್ರೆ ಎಣಿಸಲು ಕುಕ್ಕರಗಾಲಲ್ಲಿ ಕೂರುತ್ತಿದ್ದವನು ಈಗ ನಿಂತೇ ಎಣಿಸುತ್ತಿದ್ದದ್ದು. ನೆಲದ ಪಂಕ್ತಿ ಬಿಟ್ಟು, "ಟೇಬಲ್ ಊಟವೇ ವಾಸಿ, ಸಾರು ಅರಿದೋಗಲ್ಲ" ಅಂತ ಎದ್ದು ಹೋಗುತ್ತಿದ್ದದ್ದು. ಎಲ್ಲವನ್ನೂ ನೋಡಿದ್ದೆ. ಒಂದಕ್ಕೊಂದು ಗಂಟು ಹಾಕಿರಲಿಲ್ಲ.

ಮಾವ ಜೇಬಿನಲ್ಲಿದ್ದ ಗುಂಡನ್ನು ಮೇಲಿನಿಂದಲೇ ಹಿಡಿದುಕೊಂಡಿದ್ದ. ನನ್ನ ಬಾಯಿಂದ ಬಂದುಬಿಟ್ಟಿತು:

"ನಾನೇ ಅಣ್ಣ, ಓಡ್ಸೋದು."

ಮಾವ ನನ್ನ ಕಡೆ ನೋಡಿದ. ಒಂದು ಸಲ ಕೆಮ್ಮಿದ. ಆಮೇಲೆ ಶುರು ಮಾಡಿದ ನೋಡಿ: "ನಾನು ಯೋಳ್ತಾನೇ ಇವ್ನಿ, ಕೇಳ್ಬೇಕಲ್ಲ. ನೆಲ ಮುಟ್ಟಂಗೆ ಒತ್ತು ಅಂತ ಸಾವ್ರ ಸಲ ಯೋಳಿಲ್ವಾ? ಇವ್ರಪ್ಪನೂ ಇಂಗೇ ಕಣಪ್ಪ, ಬ್ರೇಕ್ ಮೇಲೆ ಕೈ ಮಡಗ್ಕೊಂಡೇ ಸೈಕಲ್ ತುಳೀತಿದ್ದ."

"ಅಕ್ಕಾರ, ಇವತ್ತು ನಿಮಗ ಬೈಸ್ಕೊಳ್ಳೋ ದಿನ" ಅಂದ ಮೆಕ್ಯಾನಿಕ್.

"ದಿನಾ ಅದೇ ಅಣ್ಣ."

ಬೈಗುಳ ಇನ್ನೂ ಸ್ವಲ್ಪ ಹೊತ್ತು ನಡೆಯಿತು. ನನ್ನಪ್ಪನಿಂದ ನನ್ನಜ್ಜನವರೆಗೆ ಹೋಗಿ, ಎಣ್ಣೆ ತೀರಿದ ಗಾಡಿಯ ಹಾಗೆ ನಿಂತಿತು. ಮಧ್ಯಾಹ್ನ ಮಾವ ಎದ್ದು ನಿಧಾನ ನಡೆದುಕೊಂಡು ಹೋಗಿ, ಎದುರಿನ ಟೆಕ್ ಪಾರ್ಕಿನ ಗೇಟಿನ ಬಳಿ ತಳ್ಳುಗಾಡಿಯಿಂದ ನನಗೊಂದು ಮೊಸರನ್ನ ಕಟ್ಟಿಸಿಕೊಂಡು ಬಂದ. ಜೊತೆಗೆ ನನಗಿಷ್ಟದ ಮಾವಿನಕಾಯಿ ಉಪ್ಪಿನಕಾಯಿ. "ತಿನ್ನು" ಅಂದ. ಅಷ್ಟೇ. ತನಗೇನೂ ತಂದುಕೊಂಡಿರಲಿಲ್ಲ. ಅರ್ಧ ಅವನ ಕಡೆ ಸರಿಸಿದೆ, ತಿಂದ.

ನಾಲ್ಕರ ಹೊತ್ತಿಗೆ ಹೊಸ ಪ್ಲೇಟು, ಹೊಸ ಬೇರಿಂಗು, ಹೊಸ ಲಿವರು ಎಲ್ಲ ಕೂತವು. ಲಿವರಿನ ತಲೆಗೆ ಅದರ ಜೊತೆ ಬಂದಿದ್ದ ಕಪ್ಪು ಪ್ಲಾಸ್ಟಿಕ್ ಗುಂಡಿತ್ತು. ಗಾಡಿಯನ್ನು ಗುಂಡಿಯಿಂದ ಈಚೆಗೆ ತಂದು ನಿಲ್ಲಿಸಿ ಮೆಕ್ಯಾನಿಕ್ ಕೈ ಒರೆಸಿಕೊಂಡ. ನಾನು ಕೀ ಇಸಿದುಕೊಳ್ಳಲು ಕೈ ಚಾಚಿದೆ. ಅವನು ನನ್ನ ಕೈ ದಾಟಿಸಿ ಮಾವನ ಮುಂದೆ ಹಿಡಿದ.

"ನೀವ ಟ್ರಯಲ್ ನೋಡ್ರಿ ಯಜಮಾನ್ರ. ಕಲಿಸಿದವ್ರು ನೀವು. ನೀವು ಸರಿ ಅಂದ್ರ ಸರಿ."

ನನ್ನ ಸುಳ್ಳು ಸುತ್ತಿ ಬಳಸಿ ಬಂದು ಮಾವನ ಕಾಲಿಗೇ ಸುತ್ತಿಕೊಂಡಿತ್ತು. ಬೇಡ ಅನ್ನಲು ಅವನಿಗೆ ಬಾಯಿಲ್ಲ, ನಾನು ಹೋಗುತ್ತೇನೆ ಅನ್ನಲು ನನಗೂ ಇಲ್ಲ. ಮಾವ ಬಾಗಿಲು ಹಿಡಿದು ಮೇಲೆ ಹತ್ತಿದ. ಸ್ಟಾರ್ಟ್ ಮಾಡಿದ. ಎಡ ಮೊಣಕಾಲು ಎತ್ತಿ ಪೆಡಲಿನ ಮೇಲೆ ಇಟ್ಟದ್ದು, ಒತ್ತಿದ್ದು, ಅರ್ಧದಲ್ಲಿ ಅವನ ಮುಖ ಬಿಗಿದದ್ದು ನನಗೆ ಕಂಡಿತು. ಲಿವರ್ ಮುಂದಕ್ಕೆ ತಳ್ಳಿದ. ಕರ್ ಅಂತ ಸದ್ದು ಬಂತು. ಮತ್ತೊಂದು ಸಲ ಒತ್ತಿ ತಳ್ಳಿದ. ಮತ್ತೆ ಅದೇ ಸದ್ದು.

ಮೆಕ್ಯಾನಿಕ್ ನೆಲ ನೋಡಿದ. ಆಮೇಲೆ ಸ್ಪ್ಯಾನರ್ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದ.

"ನಂದ ತಪ್ಪು ಯಜಮಾನ್ರ. ಪೆಡಲ್ ಭಾಳ ಸಡ್ಲ ಬಿಟ್ಟೀನಿ. ರಾಡ್ ಎರಡು ಸುತ್ತು ಬಿಗಿ ಮಾಡ್ತೀನಿ. ಅರ್ಧ ಒತ್ತಿದ್ರ ಸಾಕು, ಬಿಡ್ತೈತಿ."

ಆ ಮಾತಿನಲ್ಲಿ ಎಷ್ಟು ಮರ್ಯಾದೆಯಿತ್ತು ಅಂತ ಈಗಲೂ ನೆನೆಯುತ್ತೇನೆ. ಬೆಳಿಗ್ಗೆ ನಾನು ಹೇಳಿದ್ದು ಒಂದು ಸುಳ್ಳು, ಈಗ ಅವನದ್ದು ಇನ್ನೊಂದು. ಮಾವ ಹೂಂ ಅಂದಿದ್ದರೆ ಸಾಕಾಗಿತ್ತು. ಎಂದಿನ ಹಾಗೆ ತಾನೇ ಗಾಡಿ ಹೊಡೆದುಕೊಂಡು ಮನೆಗೆ ಬಂದು, ಅಕ್ಕನ ಮುಂದೆ ಗೆದ್ದವನ ಹಾಗೆ ಊಟಕ್ಕೆ ಕೂರಬಹುದಿತ್ತು.

"ಬಿಗಿ ಮಾಡಿದ್ರೆ ಮೇಲುಗಡೆ ಸಡ್ಲ ಇರಾಕಿಲ್ವಲ್ಲ?" ಅಂದ ಮಾವ.

"ಇರಂಗಿಲ್ರಿ."

"ಆಗ ಪ್ಲೇಟು ಎಷ್ಟು ದಿನ ಬತ್ತದೆ?"

ಮೆಕ್ಯಾನಿಕ್ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ. ಅದು ಆಗಲೇ ಒರೆಸಿದ್ದ ಸ್ಪ್ಯಾನರ್. "ನಡೀತೈತಿ ಬಿಡ್ರಿ, ಒಂದ್ ವರ್ಷ."

ಮಾವ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಮುಂದಿನ ಗಾಜಿನ ಆಚೆ ನೋಡುತ್ತಾ ಕೂತ. ಎದುರಿಗೆ ಮೆಟ್ರೋ ಕಂಬಗಳ ಸಾಲು, ಅದರಡಿ ಸಂಜೆಯ ವಾಹನಸಂದಣಿ ಆಗಲೇ ಕಟ್ಟಿಕೊಳ್ಳುತ್ತಿತ್ತು. ಇಂಜಿನ್ ಮಾತ್ರ ಹೊಸದಾಗಿ ಸ್ನಾನ ಮಾಡಿದ ಹಾಗೆ ಹದವಾಗಿ ಓಡುತ್ತಿತ್ತು. ಅದನ್ನೇ ಕೇಳುತ್ತಿದ್ದನೋ ಏನೋ.

"ಬ್ಯಾಡ ಕಣಪ್ಪ" ಅಂದ ಕೊನೆಗೆ. "ಬಿಗಿ ಮಾಡ್ಬ್ಯಾಡ. ನೀನು ಮಾಡಿರೋದು ಸರಿಯಾಗೇ ಐತೆ."

ಇಂಜಿನ್ ಆರಿಸಲಿಲ್ಲ. ಬಾಗಿಲು ತೆಗೆದು, ಹಿಡಿದುಕೊಂಡು, ಹಿಮ್ಮುಖವಾಗಿ ಇಳಿದ. ಈ ಸಲ ನಾವು ನೋಡುತ್ತಿದ್ದೇವೆ ಅಂತ ಅವಸರ ಮಾಡಲಿಲ್ಲ.

"ನೀನು ತಗಾ ಅಮ್ಮಣ್ಣಿ" ಅಂದ.

ಮೆಕ್ಯಾನಿಕ್ ಸ್ಪ್ಯಾನರನ್ನು ಗೋಡೆಯ ಮೊಳೆಗೆ ನೇತುಹಾಕಿದ. "ಯಜಮಾನ್ರ, ಮೊಣಕಾಲಿಗೆ ನಮ್ಮೂರ ಕಡೆ ಒಂದು ಎಣ್ಣಿ ಸಿಗ್ತೈತಿ. ಮುಂದಿನ ಸಲ ಹೋದಾಗ ತರ್ತೀನಿ."

"ಗಾಡಿ ಎಣ್ಣೆ ಕೊಟ್ಟೀಯ ಮತ್ತೆ" ಅಂದ ಮಾವ. ಬೆಳಗಿನ ನಗು ಆಗ ಬಂತು.

ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ದಾರಿ ಹಿಡಿದೆ. ನಾನು ಪೆಡಲನ್ನು ನೆಲ ಮುಟ್ಟುವಂತೆ ಒತ್ತಿದೆ, ಪೂರ್ತಿ ಬಿಟ್ಟೆ. ಗೇರುಗಳು ಮಣೆ ಹಾಕಿದ ಹಾಗೆ ಕೂತವು. ಕೆಳಸೇತುವೆಯ ಏರಿನಲ್ಲಿ ಎರಡನೇ ಗೇರಿಗೆ ಇಳಿಸಿದಾಗ ಗಾಡಿ ಒಂದು ಚೂರೂ ತಡೆಯದೆ ಹತ್ತಿತು. "ಊಂ" ಅಂದ ಮಾವ. ಡ್ಯಾಶ್‌ಬೋರ್ಡಿನ ಕೆಳಗೆ ಇನ್ನೂ ನೇತಾಡುತ್ತಿದ್ದ ಟ್ಯೂಬಿನ ಪಟ್ಟಿಯನ್ನು ಬಿಚ್ಚಿ, ಸುತ್ತಿ, ಕಾಲ ಬುಡದಲ್ಲಿಟ್ಟ.

ಮುಂದಿನ ಭಾನುವಾರ ವೈಟ್‌ಫೀಲ್ಡ್ ಕಡೆ ಒಂದು ಅಪಾರ್ಟ್‌ಮೆಂಟಿನ ಗೃಹಪ್ರವೇಶಕ್ಕೆ ಪಾತ್ರೆ ಹೋಗಬೇಕಿತ್ತು. ಬೆಳಗಾಗುತ್ತಲೇ ಲೋಡು ಮುಗಿಸಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ್ದೆ. ಮಾವ ಬಂದ. ಜೇಬಿನಿಂದ ಹಿತ್ತಾಳೆ ಗುಂಡು ತೆಗೆದ. ಹುಣಿಸೆಹಣ್ಣು ಹಾಕಿ ತಿಕ್ಕಿದ್ದ. ಡ್ರೈವರ್ ಕಡೆಯ ಬಾಗಿಲಲ್ಲೇ ನಿಂತು, ಒಳಗೆ ಬಗ್ಗಿ, ಪ್ಲಾಸ್ಟಿಕ್ ಗುಂಡನ್ನು ತಿರುಗಿಸಿ ತೆಗೆದು ಅದರ ಜಾಗಕ್ಕೆ ಇದನ್ನು ಕೂರಿಸಿದ. ಅಲ್ಲಾಡಿಸಿ ನೋಡಿದ. ಆಮೇಲೆ ಗಾಡಿಯ ಮುಂದಿನಿಂದ ಸುತ್ತು ಹಾಕಿ ಹೋಗಿ, ಎಡಗಡೆ ಬಾಗಿಲು ತೆಗೆದು ಕೂತ.

ಅಮ್ಮ ಪಕ್ಕದ ನಮ್ಮ ಮನೆ ಹೊಸಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಹೋಗಿ ಎರಡು ಲೋಟ ಕಾಫಿ ತಂದು, ಬಲಗಡೆ ಕಿಟಕಿಯಲ್ಲಿ ನನಗೊಂದು, ಎಡಗಡೆ ಕಿಟಕಿಯಲ್ಲಿ ತಮ್ಮನಿಗೊಂದು ಕೊಟ್ಟಳು. ಕುಡಿದು ಹೊರಟೆವು.