ಸೌಟಿಗೆ ಬಿಸಿನೀರು

ಸೌಟಕ್ಕನ ಅಜ್ಜಿ ಮೊದಲು ಬೀರ್ ಮಾಡಿದ್ದು ಈಗ ಬೀರ್ ಕಾರ್ಖಾನೆ ಇರುವ ಈ ಅಂಗಳದ ಮೂಲೆಯಲ್ಲಿದ್ದ ಬಟ್ಟೆ ಒಗೆಯುವ ಕೋಣೆಯಲ್ಲಿ. ಬಾರ್ಲಿ ನೆನೆಹಾಕಿ, ಮೊಳಕೆ ಬರಿಸಿ, ಹುರಿದು, ಒಡೆದು, ಬಿಸಿನೀರಿನಲ್ಲಿ ಕದಡಿ ಸಿಹಿನೀರು ಇಳಿಸುವುದು ಆಕೆಗೆ ಬರುತ್ತಿತ್ತು. ಅದನ್ನು ಹುಳಿಸುವ ಹೆಪ್ಪು ಮಾತ್ರ ಇರಲಿಲ್ಲ, ಕೇಳಿದರೆ ಕೊಡುವವರೂ ಇರಲಿಲ್ಲ. ಆರಿದ ಸಿಹಿನೀರನ್ನು ಮರದ ಬಾನಿಗೆ ಸುರಿದು, ಗಾಳಿಯಲ್ಲಿ ಏನು ಬರುತ್ತದೋ ಬರಲಿ ಎಂದು ಕಿಟಕಿ ತೆರೆದಿಟ್ಟಳು. ಏಳು ಬಾನಿ ಕೆಟ್ಟು ಚರಂಡಿ ಸೇರಿದವು. ಎಂಟನೆಯದು ಮೂರನೇ ದಿನಕ್ಕೆ ನೊರೆ ಎತ್ತಿತು.

ಆಕೆಯ ಮಗ, ಎಂದರೆ ಸೌಟಕ್ಕನ ಅಪ್ಪ, ಪೀಪಾಯಿ ಕಟ್ಟುವವನು. ಮೊಳೆಯಿಲ್ಲದೆ, ಅಂಟಿಲ್ಲದೆ ಹಲಗೆಗೆ ಹಲಗೆ ಕೂರಿಸಿ ಕಬ್ಬಿಣದ ಪಟ್ಟಿ ಬಿಗಿದನೆಂದರೆ ಇರುವೆ ನುಗ್ಗಲೂ ಜಾಗವಿಲ್ಲ. ಆಳುದ್ದದ ಮರದ ಸೌಟನ್ನು ಒಂದೇ ದಿಮ್ಮಿಯಲ್ಲಿ ಕೆತ್ತಿ ತಾಯಿಗೆ ಕೊಟ್ಟವನೂ ಅವನೇ. ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಹಣದ ಪೆಟ್ಟಿಗೆಯನ್ನು ಬಿಟ್ಟು ಆ ಸೌಟನ್ನು ಹೆಗಲ ಮೇಲೆ ಹೊತ್ತು ಹೊರಗೆ ಓಡಿಬಂದ. ಯಜಮಾನರು ಬೈದರೆ, "ಪೆಟ್ಟಿಗೆ ಇನ್ನೊಂದು ಮಾಡಿಸ್ಬೋದು ಸ್ವಾಮಿ," ಎಂದನಂತೆ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದವಳು ಸೌಟಕ್ಕ. ನಾನು ಇದೇ ಕಾರ್ಖಾನೆಯ ಒಲೆಯ ಮುಂದೆ ನಲವತ್ತು ವರ್ಷ ಕಳೆದವನು. ನನ್ನನ್ನು ಬೂದಿಯಣ್ಣ ಎನ್ನುತ್ತಾರೆ. ಶಾಲೆಯ ಮೆಟ್ಟಿಲು ಹತ್ತದೆ ಇದ್ದರೂ ಬೆಂಕಿಯ ಬಣ್ಣ ನೋಡಿ ಹಂಡೆಯ ಬಿಸಿ ಹೇಳಬಲ್ಲೆ. ಹಾಗೆಯೇ ಮುಖದ ಬಣ್ಣ ನೋಡಿ ಹೊಟ್ಟೆಯ ಉರಿ ಹೇಳಬಲ್ಲೆ. ಅದಕ್ಕೇ ಅವಳ ಕಥೆ ಹೇಳಲು ಕೂತಿದ್ದೇನೆ.

ಅವಳು ಕಪ್ಪು ಬೀರ್ ಮಾಡುತ್ತಿದ್ದಳು. ಕುಡಿದು ಲೋಟ ಕೆಳಗಿಟ್ಟ ಮೇಲೆ ನಾಲಗೆಯ ಬುಡದಲ್ಲಿ ಒಣದ್ರಾಕ್ಷಿಯಂಥ ಹುಳಿಯೊಂದು ನಿಧಾನವಾಗಿ ಎದ್ದುಬರುತ್ತಿತ್ತು. ಆ ಹುಳಿಗಾಗಿ ಜನ ಎರಡನೇ ಲೋಟ ಕೇಳುತ್ತಿದ್ದರು. ಬಾನಿಯಲ್ಲಿ ನೊರೆ ತುಂಬಿದಾಗ ಅವಳು ಸೌಟಿನಿಂದ ಅದನ್ನು ಎತ್ತಿ ಮುಂದಿನ ಬಾನಿಗೆ ಹಾಕುವಳು, ಮಿಕ್ಕಿದ್ದನ್ನು ನೆಲಮಾಳಿಗೆಯ ಜಾಡಿಯಲ್ಲಿ ಇಡುವಳು. ಸೌಟನ್ನು ತಣ್ಣೀರಿನಲ್ಲಿ ಒಂದು ಸಲ ಜಾಲಿಸಿ ಗೂಟಕ್ಕೆ ತಗುಲಿಹಾಕುವಳು. ಸೌಟಿಗೂ ಬಾನಿಗೂ ಬಿಸಿನೀರು ತೋರಿಸಬಾರದು ಎಂದು ಅಜ್ಜಿ ಹೇಳಿಹೋಗಿದ್ದಳು. ಏಕೆಂದು ಆಕೆ ಹೇಳಲಿಲ್ಲ, ಇವಳು ಕೇಳಲಿಲ್ಲ. ರುಚಿಯೆಲ್ಲ ತನ್ನ ಕೈಗುಣ ಎಂದೇ ಇವಳು ನಂಬಿದ್ದಳು. ಯಾರಾದರೂ ಹೊಗಳಿದರೆ ಅಂಗೈ ತೋರಿಸಿ, "ಇದು ಕಣ್ರೀ, ಇದು," ಎನ್ನುವಳು.

ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವಳು ತಂಗಿ. ಬೀರ್ ಮಾಡುವುದನ್ನು ಕಲಿಸುವ ಕಾಲೇಜೂ ಇದೆಯಂತೆ, ಅಲ್ಲಿ ಓದಿ ಬಂದಳು. ಅಂಗಳದ ಆಚೆಬದಿ ಯಜಮಾನರು ಅವಳಿಗೆ ಸ್ಟೀಲಿನ ಕೋಣೆ ಕಟ್ಟಿಸಿಕೊಟ್ಟರು. ಬಿಳಿ ಹೆಂಚಿನ ಗೋಡೆ, ಹೊಳೆಯುವ ಟ್ಯಾಂಕುಗಳು, ಸಾಲಾಗಿ ಗಾಜಿನ ಕೊಳವೆಗಳು. ಅವಳ ಹೊಂಬಣ್ಣದ ಬೀರ್ ಮೊದಲನೇ ವರ್ಷವೇ ಲಾರಿ ತುಂಬಿ ಹೋಯಿತು.

ಅಂದಿನಿಂದ ಅಕ್ಕನಿಗೆ ಹೊಟ್ಟೆಯಲ್ಲಿ ಕೆಂಡ. ಎಲ್ಲರ ಹಾಗೆ ನಾನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳ ಮರದ ಬಾನಿಗಳಿದ್ದ ಆ ಹಳೆಯ ಒಗೆಯುವ ಕೋಣೆಯನ್ನು ಮರದ ಕೋಣೆ ಎನ್ನುತ್ತಿದ್ದೆವು, ಅದರ ಕಿಟಕಿ ಅಂಗಳಕ್ಕೆ ಮುಖ ಮಾಡಿತ್ತು. ಆಚೆ ಲಾರಿ ಬಂತೆಂದರೆ ಇವಳ ಕೈಯ ಸೌಟು ನಿಲ್ಲುತ್ತಿತ್ತು, ತುಟಿ ಮಾತ್ರ ಆಡುತ್ತಿತ್ತು. ಪೀಪಾಯಿ ಎಣಿಸುತ್ತಿದ್ದಳು. ತಂಗಿ ನಕ್ಕರೆ ಇವಳಿಗೆ ಕೆಮ್ಮು. ಕೊನೆಗೆ ಆ ಕಿಟಕಿಗೆ ಅಡ್ಡಪಟ್ಟಿ ಹೊಡೆಸಿ, "ದೂಳು ಬರುತ್ತೆ," ಎಂದಳು. ಅಜ್ಜಿ ತೆರೆದಿಟ್ಟ ಕಿಟಕಿ ಅದು.

ಒಂದು ಮಧ್ಯಾಹ್ನ ಪೀಪಾಯಿಗಳ ಹಿಂದೆ ಅವಳು ನನ್ನ ಕಣ್ಣಿಗೆ ಸಿಕ್ಕಿಬಿದ್ದಳು. ಕೈಯಲ್ಲಿ ತಂಗಿಯ ಬೀರಿನ ಲೋಟ, ತಳದಲ್ಲಿ ಬರೀ ನೊರೆ.

"ಏನಕ್ಕಾ, ಹೇಗಿದೆ?"

"ಲೋಟ ತೊಳೆದ ನೀರು ಇದ್ದಂಗಿದೆ."

"ಪೂರ್ತಿ ಖಾಲಿ ಮಾಡಿದೀಯಲ್ಲ?"

"ನೊಣ ಗಿಣ ಬಿದ್ದಿದೆಯಾ ಅಂತ ನೋಡೋದು ಬೇಡ್ವಾ? ತಳ ಕಾಣೋವರೆಗೂ ಹೇಗೆ ಗೊತ್ತಾಗುತ್ತೆ? ಹೋಗು, ನಿನ್ನ ಒಲೆ ನೋಡ್ಕೋ."

ಆ ವರ್ಷದ ಪರೀಕ್ಷೆಗೆ ರುಚಿ ನೋಡುವವರು ಮೂವರು ಬಂದರು. ವರ್ಷಕ್ಕೊಮ್ಮೆ ಬಂದು ಸುತ್ತಲಿನ ಕಾರ್ಖಾನೆಗಳ ಬೀರನ್ನೆಲ್ಲ ನೋಡಿ ಹೋಗುವವರು. ತಂಗಿಯದು ಮೊದಲನೆಯದಾಯಿತು. "ಕನ್ನಡಿ ಇದ್ದ ಹಾಗಿದೆ," ಎಂದರು. ಅಕ್ಕನದು ಐದನೆಯದು. ಕನ್ನಡಕದವನೊಬ್ಬ ಮೂಗು ಸೊಟ್ಟ ಮಾಡಿ, "ಹಳೇ ಮರದ ವಾಸನೆ. ಸ್ವಲ್ಪ ಶುಚಿ ಮಾಡಿದ್ರೆ ಒಳ್ಳೇದು," ಎಂದುಬಿಟ್ಟ.

ಯಜಮಾನರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಮುಂದಿನ ವರ್ಷ ಕಪ್ಪು ಬೀರ್ ಮೊದಲ ಮೂರರೊಳಗೆ ಬಂದರೆ ಮರದ ಕೋಣೆ ಉಳಿಯುತ್ತದೆ. ಇಲ್ಲದಿದ್ದರೆ ಬಾನಿಗಳನ್ನು ಒಡೆದು ಅಲ್ಲಿಯೂ ಸ್ಟೀಲು. ತಂಗಿ, "ಅಕ್ಕನ ಬೀರ್‌ಗೆ ಏನೂ ಆಗಿಲ್ಲ, ಅದು ಇರೋದೇ ಹಾಗೆ," ಎಂದಳು. ಆ ಮಾತು ಅಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಗೆದ್ದವರ ಬಾಯಲ್ಲಿ ಕನಿಕರ ಬಂದರೆ ಸೋತವರಿಗೆ ಅದು ಗಾಯದ ಮೇಲೆ ಉಪ್ಪು.

ಮುಂದಿನ ರಜೆಯ ದಿನ ಬೆಳಗ್ಗೆ ಯಾವುದೋ ಕೆಲಸಕ್ಕೆ ಬಂದ ನಾನು ನೋಡುತ್ತೇನೆ, ನನ್ನ ಒಲೆ ಉರಿಯುತ್ತಿದೆ! ಮರದ ಕೋಣೆಯ ಬಾಗಿಲಿನಿಂದ ಹಬೆ. ಒಳಗೆ ಅಕ್ಕ ಸೆರಗು ಸಿಕ್ಕಿಸಿ, ಕುದಿಯುವ ನೀರಿಗೆ ಸೋಡಾಪುಡಿ ಸುರಿದು, ಬಾನಿಗಳನ್ನು ಗಸಗಸ ಉಜ್ಜುತ್ತಿದ್ದಾಳೆ. ನೆಲದ ಮೇಲೆ ಹರಿಯುವ ನೀರು ಕಂದು ಬಣ್ಣ. ಮೂರು ತಲೆಮಾರಿನ ಬಣ್ಣ.

"ಅಕ್ಕಾ, ಅಜ್ಜಿ ಏನು ಹೇಳಿದ್ದು?"

"ಅಜ್ಜಿ ಕಾಲಕ್ಕೆ ಸ್ಟೀಲ್ ಇರಲಿಲ್ಲ. ಕನ್ನಡಿ ಬೇಕಂತೆ ಕನ್ನಡಿ! ಅವಳಿಗಿಂತ ಹೊಳೆಯೋ ಹಾಗೆ ಮಾಡಿ ತೋರಿಸ್ತೀನಿ."

"ಸೌಟಿಗೂನಾ?"

ಒಂದು ಗಳಿಗೆ ಅವಳ ಕೈ ತಡೆಯಿತು. ಅಷ್ಟರಲ್ಲಿ ಅಂಗಳದ ಆಚೆ ತಂಗಿ ಯಾರೊಡನೆಯೋ ನಕ್ಕ ಸದ್ದು ಕೇಳಿಸಿತು.

"ಸೌಟಿಗೂ," ಎಂದು ಅದನ್ನು ಹಂಡೆಯೊಳಗೆ ಅದ್ದಿದಳು. "ಹೆಪ್ಪು ಜಾಡೀಲಿದೆ. ರುಚಿ ನನ್ನ ಕೈಲಿದೆ. ಈ ಕಟ್ಟಿಗೇಲಿ ಏನಿದೆ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹೊಸ ಬಾನಿ ಜಾಡಿಯ ಹೆಪ್ಪಿನಿಂದ ಚೆನ್ನಾಗಿಯೇ ನೊರೆ ಎತ್ತಿತು. ಅಕ್ಕ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಹಾಡು ಗುನುಗಿದಳು. ಐದು ವಾರ ಕಳೆದು ಪೀಪಾಯಿ ತೆರೆದಾಗ ಇಬ್ಬರೂ ಕುಡಿದೆವು. ಬಣ್ಣ ಕಪ್ಪು, ಕಹಿ ಸರಿ, ನೊರೆ ಸರಿ. ನಾಲಗೆಯ ಬುಡದಲ್ಲಿ ಆ ಹುಳಿಗಾಗಿ ಕಾದೆವು. ಬರಲಿಲ್ಲ. ಇನ್ನೊಂದು ಗುಟುಕು ಕುಡಿದು ಕಾದೆವು. ಮದುವೆಗೆ ಕರೆದ ನೆಂಟ ಬಾರದಿದ್ದರೆ ಬಾಗಿಲ ಕಡೆ ನೋಡುವ ಹಾಗೆ ಅವಳು ಲೋಟವನ್ನೇ ನೋಡುತ್ತಿದ್ದಳು. ಅವಳು ಅಂಗೈಯನ್ನು ತಿರುಗಿಸಿ ನೋಡಿಕೊಂಡು ಸೆರಗಿಗೆ ಒರೆಸಿಕೊಂಡಳು.

ಎರಡನೇ ಬಾನಿಯೂ ಹಾಗೆಯೇ, ಮೂರನೆಯದೂ, ಆಮೇಲಿನವೂ ಹಾಗೆಯೇ. ಬೀರ್ ಆಗಿತ್ತು, ಆದರೆ ಯಾರ ಮನೆಯ ಬೀರಾದರೂ ಆಗಬಹುದಿತ್ತು. ಹಳೆಯ ಪೀಪಾಯಿಗಳೆಲ್ಲ ಮಾರಿಹೋಗಿದ್ದವು. ಪರೀಕ್ಷೆಗೆ ಇನ್ನು ಮೂರು ತಿಂಗಳು.

ಆಗ ತಂಗಿ ಬಂದಳು. ಅಂಗಳ ದಾಟಿ ಅವಳು ಮರದ ಕೋಣೆಗೆ ಕಾಲಿಟ್ಟಿದ್ದು ಅದೇ ಎಷ್ಟೋ ವರ್ಷದ ಮೇಲೆ. ಕೈಯಲ್ಲಿ ಹತ್ತಿ ತುರುಕಿದ ಸಣ್ಣ ಗಾಜಿನ ಬಾಟಲಿ, ತಳದಲ್ಲಿ ಬೂದುಬಣ್ಣದ ಗಸಿ, ಅದರಲ್ಲೊಂದು ಉಗುರಗಲದ ಮರದ ಚಕ್ಕೆ.

"ಅಕ್ಕಾ, ಬೈಬೇಡ. ಜಾಡೀಲಿರೋದು ಅವಸರದ ಹೆಪ್ಪು. ಮೂರು ದಿನ ಕುಣಿದು ಮಲಗುತ್ತೆ. ನಿನ್ನ ಆ ಹುಳಿ ತರೋ ಹೆಪ್ಪು ಇದ್ದದ್ದು ಮರದ ಸಂದೀಲಿ. ಅದು ನಿಧಾನಕ್ಕೆ, ವಾರಗಟ್ಟಲೆ ಕೆಲಸ ಮಾಡೋದು. ಓದೋಕೆ ಹೋಗೋ ದಿನ ಸೌಟಿನ ಅಂಚಿಂದ ಒಂದು ಚಕ್ಕೆ ಕಿತ್ಕೊಂಡು ಹೋಗಿದ್ದೆ. ತಿಂಗಳಿಗೊಂದ್ಸಲ ಸಿಹಿನೀರು ಕೊಟ್ಟು ಸಾಕಿದೀನಿ. ಜೀವ ಇದೆ."

ಸೌಟಿನ ಅಂಚಿನ ಆ ಗಾಯ! ನನ್ನ ಕಲ್ಲಿದ್ದಲ ಬುಟ್ಟಿ ತಗುಲಿ ಮುಕ್ಕಾಯಿತೆಂದು ಅಕ್ಕ ಹದಿನಾಲ್ಕು ವರ್ಷ ನನ್ನನ್ನು ಬೈದಿದ್ದಳು.

"ಅಕ್ಕಾ," ಎಂದೆ, "ಈಗಲಾದ್ರೂ ನನ್ನ ಮೇಲಿನ ಆಪಾದನೆ..."

"ನೀನು ಸುಮ್ನಿರು ಬೂದಿ!" ಎಂದಳು. ಕಣ್ಣು ಬಾಟಲಿಯ ಮೇಲೆಯೇ ಇತ್ತು. ಹಸಿದವನು ಬೇರೆಯವರ ತಟ್ಟೆ ನೋಡುವ ಹಾಗೆ ನೋಡಿದಳು. ಕೈ ಅರ್ಧ ಮುಂದೆ ಹೋಯಿತು ಕೂಡ. ಕೊನೆಗೆ ಬಾಟಲಿ ಈಸಿಕೊಂಡು ಹತ್ತಿಯನ್ನು ತೆಗೆದು ಮೂಸಿದಳು. ಆ ವಾಸನೆ ನನ್ನವರೆಗೂ ಬಂತು. ಅದೇ, ಸಂಶಯವೇ ಇಲ್ಲ.

"ನೀನು ಬೀರ್ ಮಾಡೋವಾಗ ಇದನ್ನ ಹಾಕ್ತೀಯಾ?"

"ಇಲ್ಲಕ್ಕ. ಇದು ನಿಂದು. ಅದಕ್ಕೇ ಹಾಕಿಲ್ಲ."

ಹಾಕುತ್ತೇನೆ ಎಂದಿದ್ದರೆ ಜಗಳವಾಡಿ ಕಿತ್ತುಕೊಳ್ಳುತ್ತಿದ್ದಳೋ ಏನೋ. ಹಾಕಿಲ್ಲ ಎಂದದ್ದೇ ಅವಳಿಗೆ ತಡೆಯಲಾಗಲಿಲ್ಲ. ಹತ್ತಿಯನ್ನು ಮತ್ತೆ ತುರುಕಿ ಬಾಟಲಿಯನ್ನು ತಂಗಿಯ ಅಂಗೈಯಲ್ಲಿ ಇಟ್ಟಳು. ನಿಧಾನವಾಗಿ, ಒಡೆಯದ ಹಾಗೆ ಇಟ್ಟಳು.

"ಅಕ್ಕಾ, ಹಟ ಮಾಡಬೇಡ. ಮೂರೇ ತಿಂಗಳಿದೆ. ಕೋಣೆ ಹೋಗುತ್ತೆ."

"ಹೋದ್ರೆ ನನ್ನ ಕೈಯಾರೆ ಹೋಗಲಿ. ನಿನ್ನ ಕೈಯಿಂದ ಉಳಿದ್ರೆ ನಾನು ದಿನಾ ಬೆಳಗಾಗೆದ್ದು ಅದನ್ನ ನೋಡ್ಬೇಕು," ಎನ್ನುತ್ತ ಅಕ್ಕ ಗೋಡೆಗೊರಗಿದ್ದ ಸುತ್ತಿಗೆಯನ್ನು ಕೈಗೆತ್ತಿಕೊಂಡು ಅಡ್ಡಪಟ್ಟಿ ಹೊಡೆದ ಕಿಟಕಿಯ ಕಡೆಗೆ ನಡೆದಳು. ಪಟ್ಟಿ ಕೀಳಲು ನಾವಿಬ್ಬರೂ ಒಟ್ಟಿಗೆ ಮುಂದೆ ಬಂದೆವು.

"ದೂರ ಇರಿ ಇಬ್ಬರೂ! ಅಜ್ಜಿಗೆ ಯಾರು ಬಾಟಲಿ ತಂದುಕೊಟ್ರು? ಕಿಟಕಿ ತೆರೆದಿಟ್ಟು ಏಳು ಬಾನಿ ಕೆಡಿಸಿದ್ಲು, ಎಂಟನೇದು ಎದ್ದಿತು. ನಾನೂ ಕೆಡಿಸ್ತೀನಿ. ಮೊಳೆ ಹೊಡೆಸಿದವಳು ನಾನು, ಕೀಳೋಳೂ ನಾನೇ. ಕೈ ಹಾಕ್ಬೇಡಿ."