ಆನೆಯಿಲ್ಲದ ಓಟ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಹಾಗಾಗಿ ಗಸ್ತು ಅರಣ್ಯ ಪಾಲಕ ಹುದ್ದೆಯ ಓಟದ ಪರೀಕ್ಷೆಯಲ್ಲಿ ನಾನು ಸೋತದ್ದು ನಮ್ಮೂರು ಲೊಕ್ಕನಹಳ್ಳಿಯಲ್ಲಿ ಎಲ್ಲರಿಗೂ ತಿಳಿದಿತ್ತು. ವಯೋಮಿತಿಯ ಪ್ರಕಾರ ಉಳಿದಿದ್ದುದು ಇನ್ನೊಂದೇ ಅವಕಾಶ. ಡಾಂಬರು ರಸ್ತೆಯಲ್ಲಿ ಅಭ್ಯಾಸಕ್ಕೆ ಇಳಿದರೆ, ಡೇರಿಗೆ ಹಾಲು ಹಾಕಲು ಹೋಗುವವರೆಲ್ಲ ಕ್ಯಾನು ಕೆಳಗಿಟ್ಟು, "ಈ ಸಲನಾರ ಆಯ್ತದಾ ಮಗಾ?" ಎಂದು ವಿಚಾರಿಸುತ್ತಿದ್ದರು. ವಿನಯದಿಂದ ಉತ್ತರಿಸಲು ನಿಂತು ನಿಂತು, ನನ್ನ ಓಟ ಸಂದರ್ಶನವಾಗಿಬಿಟ್ಟಿತ್ತು.

ಆದುದರಿಂದ, ಯಾರ ಕಣ್ಣಿಗೂ ಬೀಳಬಾರದೆಂದು ಕಾಡಂಚಿನ ಗಾಡಿದಾರಿಯನ್ನು ಆರಿಸಿಕೊಂಡೆ. ಅದು ರಾಗಿ ತೆನೆ ಕಟ್ಟಿದ ಕಾಲ. ಹೊಲ ಕಾಯುವವರು ರಾತ್ರಿಯಿಡೀ ಮರದ ಮೇಲಿನ ಅಟ್ಟಣೆಗಳಲ್ಲಿ ಕುಳಿತಿರುತ್ತಾರೆಂಬುದನ್ನು, ರೈತನ ಮಗಳಾಗಿಯೂ, ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. ನಿರ್ಜನವೆಂದು ತಿಳಿದ ದಾರಿಯಲ್ಲೇ ಅರ್ಧ ಊರು ಎಚ್ಚರವಾಗಿತ್ತು.

ಮೊದಲ ದಿನ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕಾಡಿನ ಕಡೆಯಿಂದ ಯಾರಾದರೂ ಓಡಿಬಂದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಅಟ್ಟಣೆಯ ಮೇಲಿದ್ದ ಅಜ್ಜಿಯೊಬ್ಬರು ತಗಡು ಬಡಿದು, "ಆನೆ ಬಂತು ಕಣ್ರಪ್ಪೋ!" ಎಂದು ಕೂಗಿದರು. ಪಕ್ಕದ ಹೊಲದಲ್ಲಿ ಪಟಾಕಿ ಸಿಡಿಯಿತು. ಆನೆ ನನ್ನ ಬೆನ್ನ ಹಿಂದೆಯೇ ಇದೆಯೆಂದು ನಂಬಿ ನಾನು ಓಡಿದ ವೇಗವನ್ನು ಯಾವ ಅಧಿಕಾರಿಯೂ ದಾಖಲಿಸಿಕೊಳ್ಳದಿದ್ದುದು ನನ್ನ ದುರದೃಷ್ಟ.

ಎಲ್ಲರೂ ಟಾರ್ಚು ಹಿಡಿದು ಸೇರಿದ ಮೇಲೆ ನಿಜ ತಿಳಿಸಿದೆ. ಅಜ್ಜಿಗೆ ಸಮಾಧಾನವಾಗಲಿಲ್ಲ.

"ಆನೆ ಇಲ್ದೆ ಯಾಕವ್ವಾ ಓಡ್ತೀಯೆ?"

"ಪರೀಕ್ಷೆಗೆ ಅಭ್ಯಾಸ, ಅಜ್ಜಿ."

"ಅಂಗಾರೆ 'ಆನೆ ಇಲ್ಲಾ' ಅಂತ ಕೂಗ್ಕಂಡು ಓಡು. ನಾವೂ ಇಳ್ದು ಕಾಪಿ ಕುಡ್ಯಕೆ ಓಯ್ತೀವಿ."

ಹೀಗೆ, ಯಾರಿಗೂ ಕಾಣಬಾರದೆಂದು ಹೊರಟವಳು ಪ್ರತಿ ಮುಂಜಾನೆ ಕೂಗುತ್ತಾ ಓಡತೊಡಗಿದೆ. ಕೂಗು ಕೇಳಿದಂತೆ ಒಂದೊಂದೇ ಅಟ್ಟಣೆಯಿಂದ ಜನ ಆಕಳಿಸುತ್ತಾ ಇಳಿಯುತ್ತಿದ್ದರು. ನಾನು ಸೋತವಳೆಂಬುದು ಅಲ್ಲಿ ಯಾರಿಗೂ ನೆನಪಾಗುತ್ತಿರಲಿಲ್ಲ. ಅವರಿಗೆ ಕಾಪಿಯ ಚಿಂತೆ. ಒಂದು ದಿನ ಕಾಲುನೋವೆಂದು ಮಲಗಿದೆ. ಬಿಸಿಲೇರಿದ ಮೇಲೆ ಅಜ್ಜಿ ಮನೆಗೇ ಬಂದು, "ನೀ ಬರ್ನಿಲ್ಲ ಅಂತ ಇಷ್ಟೊತ್ಗಂಟ ಮ್ಯಾಗ್ಲೇ ಕುಂತಿದ್ದೋ ಕಣವ್ವಾ!" ಎಂದು ದಬಾಯಿಸಿದರು. ಅನಂತರ ರಜೆ ಹಾಕುವ ಧೈರ್ಯ ನನಗೆ ಬರಲಿಲ್ಲ.

ಆ ಸಲದ ಓಟದ ಪರೀಕ್ಷೆಯಲ್ಲಿ ತೇರ್ಗಡೆಯಾದೆ. ಅಟ್ಟಣೆಯ ಕೆಳಗೆ ನಿಂತು ಸುದ್ದಿ ಹೇಳಿದಾಗ ಅಜ್ಜಿಯ ಮುಖ ಸಪ್ಪಗಾಯಿತು.

"ಅಂಗಾರೆ ನಾಳೆಯಿಂದ ಓಡಾಕಿಲ್ವಾ?"

ನೇಮಕಾತಿ ಆದೇಶ ಬರುವವರೆಗೆ ಓಡುತ್ತೇನೆಂದೆ.

"ನಿಧಾನಕ್ಕೇ ಬರ್ಲಿ ಬುಡು," ಎಂದು ಮನಸಾರೆ ಹರಸಿದರು.