ಅತ್ತೆಯ ತೊಟ್ಟಿಲು

ಅತ್ತೆ ಜಾರಿ ಬಿದ್ದು ಬಲಗಾಲಿನ ಮಂಡಿ ಮಡಚದಂತಾದ ವರ್ಷ ಲೇತ್ ಮೇಸ್ತ್ರಿ ತನ್ನ ಬೈಕಿನ ಎಡಕ್ಕೆ ಒಂದು ಸೈಡ್‌ಕಾರ್ ಕಟ್ಟಿದ. ಬಸ್ ಡಿಪೋ ಹಿಂದಿನ ವರ್ಕ್‌ಶಾಪಿನಲ್ಲಿ ಶಾಫ್ಟು, ಬುಷ್ಷು ಅಂತ ಕಬ್ಬಿಣ ತಿರುಗಿಸುತ್ತಲೇ ತಲೆಗೂದಲು ನರೆಸಿಕೊಂಡವನು ಅವನು. ಅವನ ಹೆಸರು ಹೆಂಡತಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಬಿದ್ದ ಮೇಲೆ ಅತ್ತೆ ಮಗಳ ಮನೆಗೆ ಬಂದು ನೆಲೆಸಿದರು. ಊರಿನ ಇನ್ನೊಂದು ತುದಿಯಲ್ಲಿದ್ದ ತಂಗಿಯನ್ನು ಭಾನುವಾರ ಭಾನುವಾರ ನೋಡದೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಆದರೆ ಹಲಗೆಯಂತೆ ನೆಟ್ಟಗೆ ನಿಂತ ಕಾಲನ್ನು ಬೈಕಿನ ಹಿಂದೆ ಇಡುವುದು ಹೇಗೆ? ಬಾಡಿಗೆ ಕಾರಿನಲ್ಲಿ ಮುಂದಿನ ಸೀಟಿಗೆ ತಾಗುತ್ತಿತ್ತು. ಬಸ್ಸಿನ ಮೆಟ್ಟಿಲಂತೂ ಬೆಟ್ಟ ಹತ್ತಿದ ಹಾಗೆ.

ಮೇಸ್ತ್ರಿ ಪೈಪು ಬಗ್ಗಿಸಿದ, ತಗಡು ತಟ್ಟಿದ, ಹಳೇ ಸ್ಕೂಟರಿನ ಚಕ್ರ ಜೋಡಿಸಿದ, ಕ್ಷೌರದಂಗಡಿಯವನು ಬಿಸಾಡಿದ್ದ ಕುರ್ಚಿಯ ಮೆತ್ತೆ ಹಾಕಿದ. ಕಾಲು ಚಾಚಲೆಂದು ಮೂತಿಯನ್ನು ದೋಣಿಯಂತೆ ಉದ್ದ ಮಾಡಿದ. ಬೀದಿಯವರು ನೋಡಿ ನಕ್ಕು, ಅತ್ತೆಯ ತೊಟ್ಟಿಲು ಎಂದು ಹೆಸರಿಟ್ಟರು. ಅತ್ತೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೆಲ್ಮೆಟ್ಟು, ಕಪ್ಪು ಕನ್ನಡಕ, ಮಡಿಲಲ್ಲಿ ಕೈಚೀಲ. ಊರನ್ನೇ ಖರೀದಿಗೆ ನೋಡಲು ಹೊರಟವರಂತೆ ಕೂರುತ್ತಿದ್ದರು. ದಾರಿಯಲ್ಲಿ ಆಗಾಗ ಅಳಿಯನ ಕಡೆ ತಿರುಗಿ ತಲೆದೂಗುತ್ತಿದ್ದರು. ತನ್ನ ಓಡಿಸುವಿಕೆ ಮೆಚ್ಚಿಗೆಯಾಗಿದೆ ಎಂದು ಮೇಸ್ತ್ರಿಗೆ ಒಳಗೊಳಗೇ ಹಿಗ್ಗು. ಹೀಗೇ ವರ್ಷಗಳು ಉರುಳಿದವು.

ಒಂದು ಭಾನುವಾರ ಅವನು ಗಾಡಿ ಒರೆಸಿ, ಸ್ಟಾರ್ಟ್ ಮಾಡಿ ನಿಂತಿದ್ದ. ಅತ್ತೆ ಊರುಗೋಲು ಹಿಡಿದು ಬಾಗಿಲವರೆಗೆ ಬಂದವರು, ಇನ್ನು ಮೇಲೆ ತಾನು ಅದರಲ್ಲಿ ಕೂರುವುದಿಲ್ಲ ಎಂದು ಹೇಳಿ ಒಳಗೆ ಹೋದರು.

ಮೇಸ್ತ್ರಿಗೆ ತಲೆಬುಡ ತಿಳಿಯಲಿಲ್ಲ. ಹೆಂಡತಿ ಕೇಳಿದ್ದಕ್ಕೆ ಸೊಂಟ ನೋವು ಅಂದರಂತೆ. ಪಕ್ಕದ ಮನೆಯಾಕೆಗೆ, ಈ ವಯಸ್ಸಿನಲ್ಲಿ ಅದೆಲ್ಲ ಚೆಂದ ಕಾಣಲ್ಲ ಅಂದರು. ಫೋನಿನಲ್ಲಿ ತಂಗಿಯ ಹತ್ತಿರ ಗಾಳಿ ಹೊಡೆಯುತ್ತದೆ ಎನ್ನುತ್ತಿದ್ದದ್ದು ಅವನ ಕಿವಿಗೇ ಬಿತ್ತು. ಇದರಲ್ಲಿ ನಿಜ ಯಾವುದು? ಅವನಿಗೆ ತಿಳಿದಿದ್ದ ದಾರಿ ಒಂದೇ. ಮೆತ್ತೆಯ ಕೆಳಗೆ ಹೊಸ ಸ್ಪ್ರಿಂಗ್ ಹಾಕಿದ. ಮುಂದೆ ಗಾಳಿ ತಡೆಯುವ ಗಾಜು ಕೂರಿಸಿದ. ಚೆಂದ ಕಾಣಲೆಂದು ಮೈಗೆಲ್ಲ ಕಡುನೀಲಿ ಬಣ್ಣ ಬಳಿದ. ಅತ್ತೆ ಸುತ್ತ ಒಂದು ಸಲ ನಡೆದು ನೋಡಿ, ಚೆನ್ನಾಗಿದೆ ಅಂದರು. ಕೂರಲಿಲ್ಲ.

ಜಾಗ ತಿನ್ನುತ್ತದೆ, ಮಾರಿಬಿಡಿ ಎಂದಳು ಹೆಂಡತಿ. ಸಿಟ್ಟಿಗೆ ಅಂದಳೋ ಮನಸ್ಸಿನಿಂದ ಅಂದಳೋ, ಅದೂ ಅವನಿಗೆ ಹೊಳೆಯಲಿಲ್ಲ. ತೊಟ್ಟಿಲನ್ನು ಬೈಕಿನ ಚಾಸಿಗೇ ಬೆಸೆದಿದ್ದರಿಂದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಡುವಂತಿರಲಿಲ್ಲ. ಯಾರೂ ಬೇಡ ಅನ್ನದ ಕಾರಣ ಒಂದು ತಗಡಿನ ಮೇಲೆ 'ಮಾರಾಟಕ್ಕಿದೆ' ಎಂದು ಬರೆದು ಹ್ಯಾಂಡಲಿಗೆ ನೇತುಹಾಕಿದ.

ಮೊದಲು ಬಂದವನು ಒಬ್ಬ ಫೋಟೋಗ್ರಾಫರ್. ಮದುವೆಯಾಗುವ ಜೋಡಿಗಳನ್ನು ಕೂರಿಸಿ ಫೋಟೋ ತೆಗೆಯಲು ಇದಕ್ಕಿಂತ ಬೇಕೇ ಎಂದು ಸುತ್ತು ಹಾಕುತ್ತಿದ್ದ. ಅಷ್ಟರಲ್ಲಿ ಬೀದಿ ಕಡೆಯ ಕಿಟಕಿಯಿಂದ ಅತ್ತೆಯ ದನಿ ಬಂತು. ಮಳೆ ಬಂದರೆ ತಳದಿಂದ ನೀರು ಏಳುತ್ತದೆ, ಸೀರೆಯ ಅಂಚು ತೊಯ್ಯುತ್ತದೆ. ಫೋಟೋಗ್ರಾಫರ್ ಮತ್ತೆ ಬರುತ್ತೇನೆಂದು ಹೋದವನು ಹೋದ. ಆಮೇಲೆ ಬಂದ ಬೇಕರಿಯವನು, ಸೀಟು ಕಿತ್ತು ಬ್ರೆಡ್ಡಿನ ಟ್ರೇ ಜೋಡಿಸಲು ಅಳತೆ ಹಿಡಿಯುತ್ತಿದ್ದ. ಬ್ರೇಕ್ ಹಾಕಿದರೆ ಗಾಡಿ ಬಲಕ್ಕೆ ಎಳೆಯುತ್ತದೆ ಎಂಬ ಮಾತು ಅದೇ ಕಿಟಕಿಯಿಂದ ಬಂತು. ಅವನೂ ಟೇಪು ಸುತ್ತಿಕೊಂಡ.

ಹಾಗೆ ಎಳೆಯುತ್ತದೆ ಎಂದು ಮೇಸ್ತ್ರಿಗೇ ಗೊತ್ತಿರಲಿಲ್ಲ. ಸಂಜೆ ಖಾಲಿ ರಸ್ತೆಯಲ್ಲಿ ಹಿಡಿತ ಸಡಿಲಿಸಿ ಬ್ರೇಕ್ ಒತ್ತಿ ನೋಡಿದ. ನಿಜವಾಗಿಯೂ ಎಳೆಯಿತು. ಇಷ್ಟು ದಿನ ಅವನ ಕೈಗಳು ಅವನಿಗೂ ಹೇಳದೆ ಅದನ್ನು ತಿದ್ದಿಕೊಂಡು ಬಂದಿದ್ದವು.

ಅಮ್ಮನಿಗೆ ಮಾರುವ ಮನಸ್ಸಿಲ್ಲ, ಅದಕ್ಕೇ ಬಂದವರನ್ನು ಓಡಿಸುತ್ತಿದ್ದಾಳೆ ಎಂದಳು ಹೆಂಡತಿ. ಹಾಗಾದರೆ ಕೂರುವುದಿಲ್ಲ ಯಾಕೆ? ಅವಳಿಗೂ ಗೊತ್ತಿಲ್ಲ. ಕೊನೆಗೆ ಮೇಸ್ತ್ರಿ ಧೈರ್ಯ ಮಾಡಿ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತ.

"ಅತ್ತೆ, ಮಾರೋದು ಬೇಡ ಅಂತಿದ್ರೆ ಹೇಳಿಬಿಡಿ."

"ಮಾರಿ. ನಾನೇನು ಬೇಡ ಅಂದೆನಾ?"

"ಮತ್ತೆ ಬಂದವರಿಗೆಲ್ಲ ಅದರ ಹುಳುಕು ಹೇಳ್ತೀರಲ್ಲ."

"ಇರೋದನ್ನ ಹೇಳಿದೆ. ಸುಳ್ಳು ಹೇಳಿದ್ರೆ ತೋರಿಸಿ."

ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೊಗ ತಾನು ಎಂದುಕೊಂಡು ಅವನು ಹಿಂತಿರುಗಿದ.

ಮೂರನೆಯವನು ರಿಟೈರಾದ ಪೋಸ್ಟ್‌ಮ್ಯಾನ್. ಹಿಂಗಾಲು ಸೋತ ದೊಡ್ಡ ಮುದಿ ನಾಯಿಯೊಂದನ್ನು ಮಗುವಿನಂತೆ ಎತ್ತಿಕೊಂಡೇ ಬಂದಿದ್ದ. ಇದಕ್ಕೆ ಕೆರೆಯ ದಂಡೆಗೆ ಹೋಗುವ ಹುಚ್ಚು, ನಡೆಯಲಾರದು, ಹೊತ್ತು ಹೊತ್ತು ತನ್ನ ಬೆನ್ನು ಬಿದ್ದುಹೋಗಿದೆ ಎಂದ. ಅತ್ತೆ ಕೂತ ಜಾಗದಲ್ಲಿ ನಾಯಿ! ಮೇಸ್ತ್ರಿ ಕಿಟಕಿಯ ಕಡೆ ನೋಡುವ ಧೈರ್ಯವನ್ನೂ ಮಾಡಲಿಲ್ಲ. ಅಲ್ಲಿಂದ ಮಾತೇ ಬರಲಿಲ್ಲ. ಬದಲಿಗೆ ಊರುಗೋಲಿನ ಸದ್ದು ಜಗಲಿಯ ಒಂದೊಂದೇ ಮೆಟ್ಟಿಲಿಳಿದು ಬಂತು.

ಅತ್ತೆ ನಾಯಿಯ ಮುಖ ನೋಡಿದರು, ಕಾಲು ಮುಟ್ಟಿ ನೋಡಿದರು. ಒಳಗಿಡಿ ಎಂದರು. ನಾಯಿ ಎರಡು ಸಲ ಹೊರಳಿ, ದೋಣಿಯಂಥ ಮೂತಿಯೊಳಗೆ ಕಾಲು ಚಾಚಿ ನಿಟ್ಟುಸಿರು ಬಿಟ್ಟಿತು. ಆಮೇಲೆ ಅತ್ತೆ ಪೋಸ್ಟ್‌ಮ್ಯಾನಿಗೆ ಪಾಠ ಶುರು ಮಾಡಿದರು. ಬ್ರೇಕ್ ಹೇಗೆ ಒತ್ತಬೇಕು, ಹಳ್ಳ ಬಂದರೆ ಯಾವ ಚಕ್ರ ಮೊದಲು ಇಳಿಸಬೇಕು, ಬಿಸಿಲಿಗೆ ತಗಡು ಎಲ್ಲಿ ಕಾಯುತ್ತದೆ, ಎಲ್ಲವನ್ನೂ ಹೇಳಿದರು. ಇದನ್ನೆಲ್ಲ ಇವರು ಯಾವಾಗ ಕಲಿತರು ಎಂದು ಮೇಸ್ತ್ರಿ ಬಾಯಿ ತೆರೆದು ನಿಂತ. ಬೆಲೆಯ ಮಾತು ಅರೆಗಳಿಗೆಯಲ್ಲಿ ಮುಗಿಯಿತು. ಗಾಡಿ ತಿರುವಿನಲ್ಲಿ ಮರೆಯಾದಾಗ ಅತ್ತೆಯ ಕಣ್ಣು ಒದ್ದೆಯಾಗಿತ್ತು. ಕೇಳಿದರೆ, ಹೊಗೆ ಅಂದರು.

ಆ ಹೊತ್ತಿಗೆ ಮೆಟ್ಟಿಲೇ ಇಲ್ಲದ ಹೊಸ ಬಸ್ಸುಗಳು ಅವರ ದಾರಿಯಲ್ಲಿ ಓಡತೊಡಗಿದ್ದವು. ಭಾನುವಾರ ಇಬ್ಬರೂ ಅದರಲ್ಲಿ ಹೊರಟರು. ಅತ್ತೆ ಕಾಲನ್ನು ನಡುದಾರಿಗೆ ಚಾಚಿದರು. ಹತ್ತುವವರು ಗೊಣಗುತ್ತ ದಾಟಿ ಹೋದರು. ಅತ್ತೆಯ ಪಕ್ಕದಲ್ಲಿ ಹೀಗೆ ಭುಜ ತಾಗುವಂತೆ ಕೂತದ್ದು ಅದೇ ಮೊದಲು. ಮೇಸ್ತ್ರಿ ಟಿಕೆಟ್ ಮಡಚುತ್ತ ಕೂತ. ಎರಡು ಸ್ಟಾಪು ಕಳೆದ ಮೇಲೆ ಅತ್ತೆಯೇ ಬಾಯಿಬಿಟ್ಟರು.

"ಕಂಡಕ್ಟರ್ ಆ ತುದಿಯಲ್ಲಿ ನಿಂತು ಹೇಳಿದ್ದು ನನಗೆ ಕೇಳಿಸ್ತು."

"ಯಾಕೆ ಕೇಳಿಸಬಾರದು?"

"ಗಾಡೀಲಿ ನೀವು ಹೇಳ್ತಿದ್ದದ್ದು ಒಂದಕ್ಷರಾನೂ ಕೇಳಿಸ್ತಿರಲಿಲ್ಲ. ತುಟಿ ಆಡೋದು ಕಾಣ್ತಿತ್ತು. ಅಳಿಯಂದಿರು ಏನೋ ಹೇಳ್ತಿದಾರೆ, ಸುಮ್ಮನಿದ್ರೆ ಚೆನ್ನಾಗಿರಲ್ಲ ಅಂತ ತಲೆ ಆಡಿಸ್ತಿದ್ದೆ. ಮನೇಲಿ ಎದುರಿಗೆ ಆಡಿದ್ದು ಕೇಳಿಸ್ತಿತ್ತು, ಆದ್ರೂ ಬರ್ತಾ ಬರ್ತಾ ಕಿವಿ ಹೋಗ್ತಿದೆ ಅನ್ನಿಸಿಬಿಡ್ತು. ಕಾಲಿನ ಜೊತೆ ಕಿವೀನೂ ಅಂದ್ರೆ ನಿಮಗೆ ಇನ್ನೆಷ್ಟು ಹೊರೆ? ಅದು ಗೊತ್ತಾಗಬಾರದು ಅಂತ ಕೂರೋದೇ ಬಿಟ್ಟೆ."

ಅವನು ಒಂದು ದಿನವೂ ಏನನ್ನೂ ಹೇಳಿರಲಿಲ್ಲ. ಇಂಜಿನ್ನಿನ ಸದ್ದಿಗೆ ಶ್ರುತಿ ಹಿಡಿದು ಬಾಯಲ್ಲೇ ಗುನುಗುವುದು ಅವನ ಚಾಳಿ. ಲೇತಿನ ಮುಂದೆ ನಿಂತಾಗಲೂ ಹಾಗೆಯೇ. ಅದನ್ನು ಹೇಳಿದ. ಅತ್ತೆ ಅವನನ್ನೇ ದಿಟ್ಟಿಸಿದರು. ಆಮೇಲೆ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕರು. ಅವನಿಗೆ ನಗಬೇಕೋ, ಇಳಿದು ಓಡಿ ಹೋಗಿ ಪೋಸ್ಟ್‌ಮ್ಯಾನಿನ ಕಾಲು ಹಿಡಿಯಬೇಕೋ ತಿಳಿಯದಾಯಿತು.

"ವಾಪಸ್ ಕೇಳಲಾ ಅತ್ತೆ?"

"ಬೇಡ. ಆ ನಾಯಿಗೆ ಬೇರೆ ದಾರಿಯಿಲ್ಲ. ನಮಗೆ ಬಸ್ಸಿದೆ."

ಹಾಗಾದರೆ ಮೊದಲಿನ ಇಬ್ಬರಿಗೆ ಹುಳುಕು ಹೇಳಿದ್ದು ಯಾಕೆ ಎಂದು ಅವನು ಕೇಳದೆ ಬಿಡಲಿಲ್ಲ. ಅತ್ತೆ, ಅದು ತನಗೂ ಗೊತ್ತಿಲ್ಲ, ಬಾಯಿಗೆ ಬಂತು ಅಂದೆ ಎಂದರು. ಅಲ್ಲಿಂದ ಮಾತು ಎತ್ತೆತ್ತಲೋ ಹರಿಯಿತು. ತೀರಿಕೊಂಡ ಮಾವ ಸೈಕಲ್ಲಿನಲ್ಲಿ ತಮ್ಮನ್ನು ಬೀಳಿಸಿದ್ದು, ಮಗಳು ಚಿಕ್ಕಂದಿನಲ್ಲಿ ಕತ್ತರಿ ನುಂಗಲು ಹೋದದ್ದು, ಮೊದಲ ಸಲ ಅಳಿಯನನ್ನು ನೋಡಿದಾಗ ಈತ ಮೂಗನಿರಬಹುದೇ ಎಂದು ಅನುಮಾನ ಪಟ್ಟದ್ದು. ಕೇಳುತ್ತ ಕೇಳುತ್ತ ಇಳಿಯುವ ಸ್ಟಾಪು ತಪ್ಪಿಹೋಗಿ, ಕೊನೆಯ ನಿಲ್ದಾಣ ಮುಟ್ಟಿ, ಅದೇ ಬಸ್ಸಿನಲ್ಲಿ ಹಿಂದಕ್ಕೆ ಬರಬೇಕಾಯಿತು. ಚಿಕ್ಕತ್ತೆ ಬಡಿಸಿಟ್ಟ ಊಟ ಆರಿತ್ತು, ಅವರ ಕೋಪ ಮಾತ್ರ ಬಿಸಿಯಾಗಿತ್ತು.

ಮನೆಗೆ ಬಂದಾಗ, ಇಷ್ಟು ಹೊತ್ತು ಏನು ಮಾತಾಡಿದಿರಿ ಎಂದು ಹೆಂಡತಿ ಕೇಳಿದಳು. ಹೇಳಲು ಹೋದರೆ ಎಲ್ಲಿಂದ ಶುರು ಮಾಡುವುದೆಂದು ಗೊತ್ತಾಗದೆ, ನೀನು ಕತ್ತರಿ ನುಂಗಲು ಹೋಗಿದ್ದೆಯಂತೆ ಎಂದಷ್ಟೇ ಅಂದ. ಅವಳು ಅಮ್ಮನ ಕಡೆ ಕಣ್ಣು ಬಿಟ್ಟು ನೋಡಿ, ಮುಂದಿನ ಭಾನುವಾರ ತಾನೂ ಬರುವೆನೆಂದಳು. ಮೇಸ್ತ್ರಿ ಆಗಲಿ ಅಂದ. ಅದು ತನಗೆ ಬೇಕಾಗಿತ್ತೋ ಬೇಡವಾಗಿತ್ತೋ ಎಂದು ಚಪ್ಪಲಿ ಬಿಡುತ್ತ ಯೋಚಿಸಿದ, ಬಗೆಹರಿಯಲಿಲ್ಲ.